ಗೆಳತಿಯ ಆಯಿ ತೀರಿಕೊಂಡದ್ದು ನನಗೆ 19 ದಿನ ಕಳೆದ ಮೇಲೆ ಗೊತ್ತಾಯಿತು. ಈಗ ಏನು ಮಾಡಲಿ?

ಡೊಂಬಿವಲಿ_ಕುಮಟೆ ಕೇಳಿದ್ದು:

ಊರು ಬಿಟ್ಟು ಬಂದು ಮುಂಬಯಿ, ಪುಣೆ, ಗೋವಾದಲ್ಲಿ ನೆಲೆಸಿದವರು ಇಲ್ಲಿ ತುಂಬ ಇದ್ದೀರಿ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಓದಿ.

ನನ್ನ ಊರು ಕುಮಟೆ. 1998ರ ಮೇ ತಿಂಗಳಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದೆ. ಅದೇ ವರ್ಷ ಜನವರಿಯಲ್ಲಿ ಕೊಂಕಣ ರೈಲಿನ ದಾರಿ ಪೂರ್ತಿಯಾಗಿ ತೆರೆದಿತ್ತು. ನನ್ನನ್ನು ಕಳಿಸಿಕೊಡಲು ಸ್ಟೇಷನ್ನಿಗೆ ಬಂದವರಲ್ಲಿ ಅರ್ಧ ಜನಕ್ಕೆ ಹೊಸ ರೈಲು ನೋಡುವ ಆಸೆ. ರೈಲಿಗೆ ಬೆನ್ನು ಹಾಕಿ ನನ್ನನ್ನೇ ನೋಡುತ್ತ ನಿಂತವರು ಇಬ್ಬರು, ನನ್ನ ಗೆಳತಿ ಮತ್ತು ಅವಳ ಆಯಿ.

ಅವಳ ಅಮ್ಮನನ್ನು ನಾನೂ ಆಯಿ ಎಂದೇ ಕರೆಯುತ್ತಿದ್ದೆ. ನನ್ನನ್ನು ಹೆತ್ತವಳು ನಾನು ಏಳನೇ ಇಯತ್ತೆಯಲ್ಲಿರುವಾಗ ಹೋದಳು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಅವರ ಮನೆಯ ಜಗಲಿಯಲ್ಲಿ ನಾವಿಬ್ಬರೂ ಸಾಲಾಗಿ ಕೂರುತ್ತಿದ್ದೆವು. ಆಯಿ ಮೊದಲು ನನ್ನ ಜಡೆ ಹಾಕಿ, ಆಮೇಲೆ ಮಗಳ ಜಡೆಗೆ ಕೈ ಹಾಕುವುದು. ಅಬ್ಬಲಿ ಹೂವಿನ ದಂಡೆ ಒಂದೇ ಇದ್ದರೆ ಹಲ್ಲಿನಲ್ಲಿ ನಾರು ಕಚ್ಚಿ ಎರಡು ತುಂಡು ಮಾಡುವುದು. ಉದ್ದದ ತುಂಡು ಯಾವಾಗಲೂ ನನಗೇ ಬರುತ್ತಿತ್ತು. ಗೆಳತಿ ಒಂದು ದಿನವೂ ಅದಕ್ಕೆ ಮುಖ ಸಣ್ಣ ಮಾಡಿದವಳಲ್ಲ. ಅದು ಎಷ್ಟು ದೊಡ್ಡ ವಿಷಯ ಅಂತ ನನ್ನ ಮಗಳು ಹುಟ್ಟಿದ ಮೇಲೆ ತಿಳಿಯಿತು.

ನಾನು ಇಲ್ಲಿಗೆ ಬಂದ ಮೇಲೆ ಇನ್ಲ್ಯಾಂಡ್ ಕಾಗದ. ತಿಂಗಳಿಗೆ ಎರಡು, ಕೆಲವು ಸಲ ಮೂರು. ನೀಲಿ ಕಾಗದದ ಒಳಗೆ ಜಾಗ ಸಾಲದೆ ಅವಳು ಮಡಚಿ ಅಂಟಿಸುವ ಅಂಚಿನ ಒಳಭಾಗದಲ್ಲೂ ಬರೆಯುತ್ತಿದ್ದಳು. ಎಷ್ಟು ಹುಷಾರಾಗಿ ಒಡೆದರೂ ಅಲ್ಲಿಯ ಒಂದು ಸಾಲು ಗೋಂದಿನ ಜೊತೆ ಹರಿದು ಹೋಗುವುದು. "ಅಂಚಿನಲ್ಲಿ ಏನು ಬರೆದಿದ್ದೆ?" ಅಂತ ಮುಂದಿನ ಕಾಗದದಲ್ಲಿ ನಾನು ಕೇಳುವುದು, ಅದಕ್ಕೆ ಉತ್ತರ ಬರುವಷ್ಟರಲ್ಲಿ ಇನ್ನೊಂದು ಅಂಚು ಹರಿದಿರುವುದು. ಬರೆಯುತ್ತಿದ್ದದ್ದಾದರೂ ಏನು? ಬಾವಿಯ ನೀರು ಎಷ್ಟು ಸುತ್ತು ಇಳಿಯಿತು, ಅಪ್ಪೆಮಿಡಿ ಈ ವರ್ಷ ಸಿಕ್ಕಿತೋ ಇಲ್ಲವೋ, ಅವಳ ಶಾಲೆಯಲ್ಲಿ ಯಾವ ಹುಡುಗ ಅಘನಾಶಿನಿಯ ದೋಣಿ ತಪ್ಪಿಸಿಕೊಂಡು ತಡವಾಗಿ ಬಂದ. (ಅವಳು ಪ್ರಾಥಮಿಕ ಶಾಲೆಯ ಟೀಚರ್.) ಊರಿನಿಂದ ಯಾರಾದರೂ ಈ ಕಡೆ ಬರುವವರಿದ್ದರೆ ಅವರ ಕೈಯಲ್ಲಿ ತೊಡದೇವು ಎಂಬ ಸಿಹಿತಿಂಡಿ, ಬೇಸಿಗೆಯಾದರೆ ಜಡೆ ಹೆಣೆದ ಸಿಹಿ ಈರುಳ್ಳಿ. ಈರುಳ್ಳಿಯನ್ನೂ ಆಯಿಯೇ ಹೆಣೆದದ್ದು ಅಂತ ಗಂಟು ನೋಡಿದರೆ ಗೊತ್ತಾಗುತ್ತಿತ್ತು.

2005ರ ಜುಲೈ 26. ಆ ದಿನ ಮುಂಬಯಿಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಲೋಕಲ್ ನಿಂತಿತು. ನಾನು ಫೋರ್ಟ್‌ನ ಆಫೀಸಿನಿಂದ ಹೊರಟವಳು ದಾದರ್ ದಾಟಲಾಗದೆ ಗುರುತಿಲ್ಲದ ಒಂದು ಗುಜರಾತಿ ಮನೆಯವರ ಹಾಲ್‌ನಲ್ಲಿ ರಾತ್ರಿ ಕಳೆದೆ. ಮನೆಗೆ ಮುಟ್ಟಿದ್ದು ಮರುದಿನ ಸಂಜೆ. ಇವಳು ಆ ಎರಡು ದಿನ ಕುಮಟೆಯ ಎಸ್‌ಟಿಡಿ ಬೂತಿನಲ್ಲಿ ಕೂತು ನಮ್ಮ ಬಿಲ್ಡಿಂಗಿನ ನಂಬರು ಒತ್ತುತ್ತಲೇ ಇದ್ದಳಂತೆ. ಲೈನ್ ಸಿಕ್ಕಿದಾಗ ಅವಳು ಹಲೋ ಅನ್ನಲಿಲ್ಲ. "ಊಟ ಆಯ್ತಾ?" ಅಂತ ಕೇಳಿದಳು.

ಹೀಗಿದ್ದವರು ನಾವು.

ಆಮೇಲೆ ಇಬ್ಬರಿಗೂ ಮೊಬೈಲ್ ಬಂತು, ವಾಟ್ಸಾಪ್ ಬಂತು. ಇನ್ನು ದೂರ ಅನ್ನುವುದೇ ಇಲ್ಲ ಅಂದುಕೊಂಡೆ. ನಿಜಕ್ಕೂ ಆದದ್ದು ಬೇರೆ. ದಿನಾ ಬೆಳಗ್ಗೆ ಅವಳಿಂದ ಒಂದು ಹೂವಿನ ಚಿತ್ರ, ನನ್ನಿಂದ ಒಂದು ದೇವರ ಚಿತ್ರ. ದಿನಾ ಸಂಪರ್ಕದಲ್ಲಿದ್ದೇವೆ ಎಂಬ ಸಮಾಧಾನಕ್ಕೆ ಮಾತು ನಿಂತೇ ಹೋಯಿತು. ಬಾವಿಯ ನೀರು ಎಲ್ಲಿಗೆ ಬಂತು ಅಂತ ನನಗೆ ಗೊತ್ತಾಗದೆ ಎಷ್ಟೋ ವರ್ಷವಾಯಿತು. ನನ್ನ ಪಿತ್ತಕೋಶದ ಆಪರೇಷನ್ ವಿಷಯ ಲೋಕಲ್‌ನ ಗೆಳತಿಯರಿಗೆ ಮೊದಲು ಗೊತ್ತಾಯಿತು, ಇವಳಿಗೆ ಎರಡು ತಿಂಗಳು ಬಿಟ್ಟು ಹೇಳಿದೆ. ಕಳೆದ ಮಾರ್ಚ್‌ನಲ್ಲಿ ಮಗಳ ಹನ್ನೆರಡನೆಯ ಪರೀಕ್ಷೆ ನಡೆಯುವಾಗ ಅವಳು ಮೂರು ಸಲ ಫೋನ್ ಮಾಡಿದ್ದಳು. "ಆಮೇಲೆ ಮಾಡ್ತೆ" ಅಂತ ಬರೆದು ಹಾಕಿದೆ. ಮಾಡಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ಸಲ ನವರಾತ್ರಿಯಲ್ಲಿ, ನಮ್ಮ ಲೋಕಲ್ ರೈಲಿನ ಲೇಡೀಸ್ ಡಬ್ಬಾಕ್ಕೆ ಪ್ರತಿ ವರ್ಷದಂತೆ ಝಂಡು (ಚೆಂಡು) ಹೂವಿನ ಮಾಲೆ ಕಟ್ಟಿ, ದೇವಿಯ ಫೋಟೋ ಇಟ್ಟು ಪೂಜೆ ಮಾಡಿದೆವು. ಅದರ ಫೋಟೋ ಅವಳಿಗೆ ಕಳಿಸಿದೆ. ಒಂದು ತಾಸು ಬಿಟ್ಟು "ಚೆಂದ ಇದೆ" ಅಂತ ಬಂತು. ಅಷ್ಟೇ.

ದೀಪಾವಳಿಗೆ ಸ್ವಲ್ಪ ಮುಂಚೆ ಹೊನ್ನಾವರದ ಅತ್ತಿಗೆ ಫೋನಿನಲ್ಲಿ ಏನೋ ಮಾತಿನ ನಡುವೆ, "ಅವರ ಹನ್ನೆರಡರ ಊಟಕ್ಕೆ ನೀನು ಬರ್ತೀಯೇನೋ ಅಂದುಕೊಂಡಿದ್ದೆ" ಅಂದಳು. ಯಾರ ಹನ್ನೆರಡು? ಆಯಿಯದು. ಲೆಕ್ಕ ಹಾಕಿದೆ. ಆಯಿ ಹೋಗಿ 19 ದಿನವಾಗಿತ್ತು. ನಾನು ಆ ಹೂವಿನ ಫೋಟೋ ಕಳಿಸಿದ್ದು ಆಯಿ ಹೋದ ಮೂರನೆಯ ದಿನ.

ಅವಳು ನನಗೆ ಹೇಳಲಿಲ್ಲ. ಮೂರು ದಿನದ ಸೂತಕದಲ್ಲಿ ಕೂತು "ಚೆಂದ ಇದೆ" ಅಂತ ಬರೆದಳು. ನನಗೆ ದುಃಖ ಆಗುತ್ತದೆ, ಸಿಟ್ಟೂ ಬರುತ್ತದೆ. ಹೋದದ್ದು ಅವಳ ಆಯಿ ಮಾತ್ರ ಅಲ್ಲ. ನನಗೂ ಸೂತಕ ಇರಬೇಕಿತ್ತು. ಅತ್ತಿಗೆಯ ಫೋನ್ ಬಂದು ಇವತ್ತಿಗೆ ಎಂಟು ದಿನ, ಅವಳಿಗೆ ಏನೂ ಬರೆಯಲು ಕೈ ಬರುತ್ತಿಲ್ಲ. ಹೂವಿನ ಚಿತ್ರವೂ ನಿಂತಿದೆ.

ನೇರವಾಗಿ ಕೇಳಲಾ? ಏನೂ ಕೇಳದೆ ಊರಿಗೆ ಹೋಗಲಾ? ಅವಳಾಗಿ ಹೇಳುವ ತನಕ ಸುಮ್ಮನಿರಲಾ? ಇಂಥದ್ದು ದಾಟಿ ಬಂದವರು ಹೇಳಿ.

ಮಾಟುಂಗಾ_1966 ಉತ್ತರಿಸಿದ್ದು:

ತಂಗೀ, ಹೋಗು. ಮೊದಲು ಉತ್ತರ ಹೇಳಿದೆ, ಕಾರಣ ಆಮೇಲೆ ಹೇಳುತ್ತೇನೆ.

ನನಗೀಗ 71 ವರ್ಷ. ಕುಂದಾಪುರದ ಹತ್ತಿರದ ಹಳ್ಳಿಯಿಂದ 13ನೇ ವಯಸ್ಸಿಗೆ ಫೋರ್ಟ್‌ನ ಒಂದು ಉಡುಪಿ ಹೋಟೆಲಿಗೆ ಬಂದವ. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ. ಆ ಕಾಲದಲ್ಲಿ ನಮ್ಮಂಥ ಹೋಟೆಲ್ ಹುಡುಗರನ್ನು ಮನುಷ್ಯರನ್ನಾಗಿ ಮಾಡಿದ್ದು ಮುಂಬಯಿಯ ಆ ರಾತ್ರಿ ಶಾಲೆಗಳು. ನನ್ನ ಜೊತೆ ಒಬ್ಬ ಇದ್ದ, ನನಗಿಂತ ಒಂದು ವರ್ಷ ದೊಡ್ಡವ. ಅವನು ಶಾಲೆಗೆ ಬರಲಿಲ್ಲ. ಅವನ ಮನೆಗೆ ಕಾಗದ ನಾನೇ ಬರೆಯುತ್ತಿದ್ದೆ, ಮನಿಆರ್ಡರ್ ಫಾರ್ಮಿನ ಕೆಳಗೆ ಎರಡು ಮಾತು ಬರೆಯಲು ಇರುವ ಚೂರು ಜಾಗದಲ್ಲಿ "ಕ್ಷೇಮ, ಚಿಂತೆ ಬೇಡ" ಎಂದೂ ನಾನೇ ಬರೆಯುತ್ತಿದ್ದೆ. ರಾತ್ರಿ ಒಂದೇ ಚಾಪೆ.

1979ರಲ್ಲಿ ಅವನು ಊರಿಗೆ ವಾಪಸು ಹೋದ. ಹೋಗುವಾಗ ತಂಗಿಯ ಮದುವೆಗೆಂದು ನನ್ನಿಂದ 200 ರೂಪಾಯಿ ತೆಗೆದುಕೊಂಡಿದ್ದ. ಆಗ ಅದು ಸಣ್ಣ ಹಣವಲ್ಲ. ನಾನು ಕಾಗದ ಬರೆದೆ, ಬೇರೆ ಯಾರಿಂದಲೋ ಬರೆಸಿ ಎರಡಕ್ಕೆ ಉತ್ತರ ಕಳಿಸಿದ. ಆಮೇಲೆ ಇಲ್ಲ. ಮೂರು ವರ್ಷ ಬರೆದೆ. ಕೊನೆಗೆ ನನಗೂ ಹಟ ಬಂತು. ಊರಿಗೆ ಹೋದರೂ ಅವನ ಹಳ್ಳಿಯ ಕಡೆ ತಿರುಗಲಿಲ್ಲ. ಆಗ ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಒಂದು ರಾತ್ರಿ, ಒಂದು ಹಗಲು. ಅಷ್ಟು ದೂರ ಹೋಗಿ ಕೊನೆಯ ಎರಡು ಮೈಲು ಮಾತ್ರ ಹೋಗದೆ ಬಂದೆ. ಹನ್ನೊಂದು ವರ್ಷ ಹಾಗೆ ಕಳೆಯಿತು.

1990ರಲ್ಲಿ ಹೆಂಡತಿಯ ಬಲವಂತಕ್ಕೆ ಹೋದೆ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ನನ್ನನ್ನು ನೋಡಿದವನೇ ಎದ್ದು, ಒಳಗಿನ ತಗಡಿನ ಡಬ್ಬಿಯಿಂದ ನೂರರ ಎರಡು ನೋಟು ತೆಗೆದು ನನ್ನ ಮುಂದೆ ಹಿಡಿದ. ಮಡಚಿ ಮಡಚಿ ಗೆರೆ ಬಿದ್ದ ನೋಟು. "1983ರಲ್ಲೇ ಕೂಡಿಟ್ಟಿದ್ದೆ. ತಡವಾಯ್ತಲ್ಲ, ಹೇಗೆ ಕಳಿಸುವುದು ಅಂತ ನಾಚಿಕೆಯಾಯ್ತು. ನಿನ್ನ ಕಾಗದ ಬಂದಾಗೆಲ್ಲ ಒಡೆಯಲಿಕ್ಕೆ ಹೆದರಿಕೆ" ಅಂದ. ಹಣದ ಮಾತು ನಾನು ಒಂದು ಕಾಗದದಲ್ಲೂ ಎತ್ತಿರಲಿಲ್ಲ. ಆ ಮೊದಲ ಎರಡರ ನಂತರ ಬಂದದ್ದನ್ನು ಅವನು ಒಂದನ್ನೂ ಒಡೆದಿರಲಿಲ್ಲ.

ಈಗ ಪ್ರತಿ ಶನಿವಾರ ಸಂಜೆ ಫೋನ್ ಮಾಡುತ್ತೇವೆ. ಇಬ್ಬರಿಗೂ ಕಿವಿ ಮಂದ. ಸೊಸೆ ಸ್ಪೀಕರ್ ಹಾಕಿ ಕೊಡುತ್ತಾಳೆ, ಮನೆಯವರಿಗೆಲ್ಲ ಕೇಳುತ್ತದೆ, ಕೇಳಲಿ.

ಬಾಯಿ ಮುಚ್ಚಿಕೊಂಡವರ ಮನಸ್ಸಿನಲ್ಲಿ ಏನಿದೆ ಅಂತ ದೂರದಲ್ಲಿ ಕೂತು ಎಣಿಸಿದರೆ ನಮ್ಮ ನೋವಿಗೆ ತಕ್ಕ ಹಾಗೇ ಎಣಿಸುತ್ತೇವೆ. ಎದುರು ಹೋಗಿ ಕೂತರೆ ಮಾತ್ರ ಅವರ ನೋವು ಕಾಣುವುದು. ನಿನ್ನ ಹತ್ತಿರ ಈಗ ರೈಲಿದೆ, ಒಂದು ರಾತ್ರಿಯ ದಾರಿ. ಹೋಗು.

ಹುಬ್ಬಳ್ಳಿ_ಹಿಂಜವಡಿ ಉತ್ತರಿಸಿದ್ದು:

ಅಕ್ಕಾರ, ಮ್ಯಾಲಿನ ಅಜ್ಜಾರ ಮಾತಿಗೆ ಕೈ ಮುಗೀತೇನಿ. ಆದ್ರ ಒಂದು ವಿಷಯದಾಗ ನನ್ನ ಅಭಿಪ್ರಾಯ ಬ್ಯಾರೆ ಐತಿ. ಹೇಳದ ಕೇಳದ ಹೋಗಿ ಬಾಗಲದಾಗ ನಿಂದರಬ್ಯಾಡ್ರಿ. ತಾಯಿ ಕಳಕೊಂಡಾಕಿ ಈಗ ಮನಿಗೆ ಬಂದವರನ್ನೆಲ್ಲಾ ಸಂಭಾಳಿಸಿ ದಣಿದಿರತಾಳ. ನೀವು ಹೋಗಿ ಅತ್ರ ಆಕೀನ ನಿಮ್ಮನ್ನ ಸಮಾಧಾನ ಮಾಡಬೇಕಾಗ್ತದ. ಮೊದಲ ಒಂದು ಮಾತು ತಿಳಿಸಿರಿ, ಆಕಿಗೆ ಬ್ಯಾಡ ಅನ್ನಾಕ ಅವಕಾಶ ಇರಲಿ.

ನಮ್ಮದು ನಾಕ ಮಂದಿ ಗುಂಪು. ಹುಬ್ಬಳ್ಳ್ಯಾಗ ಇಂಜಿನಿಯರಿಂಗ್ ಓದುವಾಗ ಒಂದ ಖೋಲ್ಯಾಗ ಇದ್ವಿ. ಈಗ ಒಬ್ಬಾಂವ ನ್ಯೂಜೆರ್ಸಿ, ಒಬ್ಬಾಂವ ಮೆಲ್ಬರ್ನ್, ಒಬ್ಬಾಂವ ಹುಬ್ಬಳ್ಳ್ಯಾಗ ಅಪ್ಪನ ಕಿರಾಣಿ ಅಂಗಡಿ, ನಾ ಪುಣೆದಾಗ. ಮೊದಲ ಎರಡು ವರ್ಷ ಟೈಮ್ ಹೊಂದಸೂದರಾಗ ಸಾಕಾತು. ಕಡಿಗೆ ರವಿವಾರ ನಮ್ಮ ಸಂಜಿ ಐದೂವರಿ ಅಂತ ಗಟ್ಟಿ ಮಾಡಿದ್ವಿ. ಬ್ಯಾಸಗ್ಯಾಗ ನ್ಯೂಜೆರ್ಸಿಯವಗ ಅದು ಬೆಳಿಗ್ಗೆ 8, ಮೆಲ್ಬರ್ನ್‌ನವಗ ರಾತ್ರಿ 10. ಅಮೆರಿಕಾದವರು ಚಳಿಗಾಲಕ್ಕ ಗಡಿಯಾರ ಹಿಂದ ಮಾಡತಾರ, ಮೆಲ್ಬರ್ನ್‌ನವರು ಅದ ಹೊತ್ತಿಗೆ ಮುಂದ ಮಾಡತಾರ. ಆವಾಗ ಒಬ್ಬಗ ಬೆಳಿಗ್ಗೆ 7, ಇನ್ನೊಬ್ಬಗ ರಾತ್ರಿ 11. ನಮ್ಮ ಐದೂವರಿ ಮಾತ್ರ ಜರಗೂದಿಲ್ಲ.

ಟೈಮ್ ಸಿಕ್ಕಿತು, ಮಾತು ಸಿಗಲಿಲ್ಲ. ಒಬ್ಬೊಬ್ಬರು ಹತ್ತ ನಿಮಿಷ ತಮ್ಮ ವಾರದ ವರದಿ ಓದಿದಂಗ ಹೇಳತಿದ್ವಿ. ಪ್ರಮೋಷನ್, ಮನಿ ತಗೊಂಡದ್ದು, ಕಾರು. ಹುಬ್ಬಳ್ಳಿಯಾಂವ ಒಂದಿನ "ನನ್ನ ಕಡೆ ಹೇಳಾಕ ಏನೂ ಇಲ್ಲಪಾ, ಅಂಗಡಿ ತೆಗದೆ, ಅಂಗಡಿ ಹಾಕಿದೆ" ಅಂದ. ಅವತ್ತ ನಮಗ ತಿಳೀತು, ಅಂವ ಮೂರು ತಿಂಗಳಿಂದ ಸುಮ್ಮನ ಕೇಳಕೋತ ಕುಂತಿದ್ದ ಅಂತ. ಮುಂದಿನ ವಾರದಿಂದ ವರದಿ ಬಂದ್ ಮಾಡಿದ್ವಿ. ಈಗ ಫೋನ್ ಹಚ್ಚಿ ಬಾಜೂಕ ಇಟ್ಟು ಒಬ್ಬಾಂವ ಬಟ್ಟಿ ಮಡಚತಾನ, ಒಬ್ಬಾಂವ ನಾಷ್ಟಾ ಮಾಡತಾನ, ಹುಬ್ಬಳ್ಳಿಯಾಂವ ಗಿರಾಕಿಗೆ ಬ್ಯಾಳಿ ತೂಗತಾನ. ಗಿರಾಕಿ ಜೋಡಿ ಅವನ ಜಗಳಾನೂ ನಮಗ ಕೇಳಸ್ತದ. ಖೋಲ್ಯಾಗ ಇದ್ದಾಗೂ ನಾವು ಹಿಂಗ ಇದ್ವಿ.

ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋರು 2018ರಾಗ ಪ್ರಕಟ ಮಾಡಿದ ಅಧ್ಯಯನದಾಗ, ಪರಿಚಯದವರು ಆಪ್ತ ಗೆಳೆಯರಾಗಬೇಕಾದ್ರ ಸುಮಾರು 200 ತಾಸಿಗಿಂತ ಹೆಚ್ಚು ಹೊತ್ತು ಕೂಡಿ ಕಳೀಬೇಕು ಅಂತ ಐತಿ. ಖೋಲ್ಯಾಗ ಅಷ್ಟು ತಾಸು ಒಂದು ತಿಂಗಳಿನ್ಯಾಗ ಮುಗೀತಿತ್ತು. ವಾರಕ್ಕ ಒಂದು ತಾಸಿನ ಫೋನಿನ್ಯಾಗ ಆದ್ರ ನಾಕ ವರ್ಷ ಬೇಕು. ಅದಕ್ಕ ಹಳೇ ಗೆಳೆತನ ಒಂದು ಬಿಟ್ಟು ಹೋದ್ರ ಇನ್ನೊಂದು ತರಾಕ ಈ ವಯಸ್ಸಿನ್ಯಾಗ ತಾಸು ಎಲ್ಲಿಂದ ತರೂದ್ರಿ? ನಿಮ್ಮ ಜಗಲಿ ಮ್ಯಾಲಿನ ತಾಸು ಎಷ್ಟಾದ್ವು ಲೆಕ್ಕ ಹಾಕಿ ನೋಡ್ರಿ.

ಬಿಡಬ್ಯಾಡ್ರಿ. ಆದ್ರ ಮೊದಲ ತಿಳಿಸಿ ಹೋಗ್ರಿ.

ವಾಸ್ಕೊ_ಗದಗ ಉತ್ತರಿಸಿದ್ದು:

ಅಕ್ಕ, ನಾನು ಇಲ್ಲಿ ಓದುವವಳು, ಬರೆಯುವವಳಲ್ಲ. ನಿಮ್ಮದನ್ನು ಓದಿ ಬರೆಯದೆ ಇರಲಾಗಲಿಲ್ಲ. ಯಾಕೆಂದರೆ ನಾನು ನಿಮ್ಮ ಗೆಳತಿಯ ಜಾಗದಲ್ಲಿ ಇದ್ದವಳು.

ವಾಸ್ಕೊದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಊರು ಗದಗ. 2021ರ ಮೇ ತಿಂಗಳಲ್ಲಿ ನನ್ನ ಗಂಡ ಕೊರೊನಾದಲ್ಲಿ ಹೋದರು. ಆ ದಿನ ನನ್ನ ಫೋನ್ ಮೈದುನನ ಕೈಯಲ್ಲಿತ್ತು. ಅವನೇ ಎಲ್ಲರಿಗೂ ತಿಳಿಸಿದ. ಹೆಸರಿನ ಪಟ್ಟಿ ನೋಡಿ, ಅಕ್ಕ, ಚಿಕ್ಕಪ್ಪ, ಮಾವ, ಓನರ್, ಒಬ್ಬೊಬ್ಬರಿಗೆ. ಬೆಂಗಳೂರಿನಲ್ಲಿ ನನಗೆ ಒಬ್ಬಳೇ ಗೆಳತಿ, ಹೈಸ್ಕೂಲಿನಿಂದ. ಅವಳಿಗೂ ತಿಳಿಸಿರುತ್ತಾನೆ ಅಂದುಕೊಂಡೆ. ಅವಳ ಫೋನ್ ಬರುತ್ತದೆ ಅಂತ ಕಾದೆ. ಬರಲಿಲ್ಲ. ಹತ್ತು ದಿನ, ಇಪ್ಪತ್ತು ದಿನ. ಅವಳು ಸ್ಟೇಟಸ್‌ನಲ್ಲಿ ಮಗನ ಹುಟ್ಟುಹಬ್ಬದ ಕೇಕ್ ಹಾಕಿದಳು. ಅದನ್ನು ನೋಡಿ ನಾನು ಅತ್ತ ಹಾಗೆ ಗಂಡ ಹೋದ ದಿನವೂ ಅತ್ತಿರಲಿಲ್ಲ.

40ನೇ ದಿನ ಅವಳು ಏನೋ ಸೀರೆ ವಿಷಯಕ್ಕೆ ಫೋನ್ ಮಾಡಿ "ಭಾವ ಹೇಗಿದಾರೆ" ಅಂದಳು. ಆಗ ತಿಳಿಯಿತು, ಅವಳಿಗೆ ಗೊತ್ತೇ ಇಲ್ಲ. ನನ್ನ ಫೋನಿನಲ್ಲಿ ಅವಳ ಹೆಸರು "ಮೂರನೇ ಬೆಂಚು" ಅಂತ ಇದೆ. ನಾವಿಬ್ಬರು ಕೂರುತ್ತಿದ್ದ ಬೆಂಚು. ಅದು ಒಬ್ಬ ಮನುಷ್ಯಳು ಅಂತ ಮೈದುನನಿಗೆ ಹೇಗೆ ಗೊತ್ತಾಗಬೇಕು? ದಾಟಿ ಮುಂದಿನ ಹೆಸರಿಗೆ ಹೋಗಿದ್ದಾನೆ.

ಅದಕ್ಕೆ ಕೇಳುತ್ತೇನೆ ಅಕ್ಕ. ನಿಮಗೆ ಹೇಳಿಲ್ಲ ಅಂತ ನೀವು ನೋಯುತ್ತಿದ್ದೀರಿ. ಹೇಳಿ ಆಗಿದೆ ಅಂತ ಅವರು ತಿಳಿದುಕೊಂಡಿದ್ದರೆ? ಹಾಗೆ ತಿಳಿದುಕೊಂಡವರಿಗೆ, ಮೂರನೆಯ ದಿನ ನಿಮ್ಮಿಂದ ಹೂವಿನ ಮಾಲೆಯ ಫೋಟೋ ಬಂದಿದೆ. ಅವರು ಅದನ್ನು ಹೇಗೆ ನೋಡಿರಬಹುದು ಅಂತ ಒಂದು ಸಲ ಯೋಚಿಸಿ. ನನಗೆ ಕೇಕ್ ನೋಡಿದ್ದು ನೆನಪಾಗಿ ಇದನ್ನು ಬರೆದೆ. ತಪ್ಪಾಗಿದ್ದರೆ ಕ್ಷಮಿಸಿ.

ಡೊಂಬಿವಲಿ_ಕುಮಟೆ:

ವಾಸ್ಕೊದ ತಂಗಿ, ನಿಮ್ಮ ಉತ್ತರವನ್ನು ಠಾಣೆ ಮತ್ತು ಕುರ್ಲಾ ನಡುವೆ ನಿಂತುಕೊಂಡು ಓದಿದೆ. ಕಾಲು ನಡುಗಿತು. ಪಕ್ಕದವಳು ಸೀಟು ಬಿಟ್ಟುಕೊಟ್ಟಳು.

ನಮ್ಮ 1991ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಒಂದು ವಾಟ್ಸಾಪ್ ಗುಂಪು ಇದೆ. ದಿನಕ್ಕೆ ನೂರು ಶುಭಾಶಯ ಬರುತ್ತದೆಂದು ಒಂದು ವರ್ಷದಿಂದ ಮ್ಯೂಟ್ ಮಾಡಿಟ್ಟಿದ್ದೆ. ಕೂತ ಕೂಡಲೇ ಅದನ್ನು ತೆರೆದು ಮೇಲೆ ಮೇಲೆ ಹೋದೆ. ಇತ್ತು. ಅವಳೇ ಬರೆದದ್ದು. "ನನ್ನ ಆಯಿ ಇಂದು ಬೆಳಗಿನ ಜಾವ ತೀರಿಕೊಂಡಳು." ಅದರ ಕೆಳಗೆ 63 "ಓಂ ಶಾಂತಿ". ನನ್ನದು ಇಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದು. ಅದರ ಮರುದಿನ ಒಬ್ಬಳು ಸಹಪಾಠಿ ಮಗಳ ಮದುವೆಯ ಕರೆಯೋಲೆ ಆ ಗುಂಪಿಗೆ ಹಾಕಿ, ನನಗೆ ಫೋನ್ ಮಾಡಿ "ನೋಡು" ಅಂದಿದ್ದಳು. ನಾನು ಗುಂಪು ತೆರೆದು, ಕರೆಯೋಲೆ ನೋಡಿ, ಮುಚ್ಚಿದ್ದೆ. ಅಂದರೆ ಮೇಲಿದ್ದ ಆ ಸಾಲಿಗೂ ನಾನು ಓದಿದ ಗುರುತು ಬಿದ್ದಿದೆ. ಗುಂಪಿನಲ್ಲಿ ಬರೆದವರಿಗೆ ಯಾರು ಯಾರು ಓದಿದರು ಅಂತ ಹೆಸರು ಕಾಣುತ್ತದಲ್ಲ. ಅವಳು ನೋಡಿರುತ್ತಾಳೆ. ಅವಳು ಖಂಡಿತ ನೋಡಿರುತ್ತಾಳೆ, ನಾನು ಅವಳನ್ನು ಬಲ್ಲೆ. ಓದಿದವರ ಪಟ್ಟಿಯಲ್ಲಿ ನನ್ನ ಹೆಸರು, ಮರುದಿನ ನನ್ನಿಂದ ಝಂಡು ಹೂವಿನ ಫೋಟೋ.

ಅದಕ್ಕೆ ಅವಳು "ಚೆಂದ ಇದೆ" ಅಂದಳು.

ನನಗೇ ಬೇರೆ ಫೋನ್ ಯಾಕೆ ಮಾಡಲಿಲ್ಲ ಅಂತ ಇನ್ನು ಕೇಳುವುದಿಲ್ಲ. ಮಾರ್ಚ್‌ನಲ್ಲಿ ಮೂರು ಸಲ ಮಾಡಿದ್ದಳು. ಆಯಿ ಜಗಲಿಯಲ್ಲಿ ಜಾರಿ ಬಿದ್ದು ಮಲಗಿದ್ದು ಮಾರ್ಚ್‌ನಲ್ಲೇ ಅಂತ ನಿನ್ನೆ ಅತ್ತಿಗೆಯನ್ನು ಕೇಳಿ ತಿಳಿದುಕೊಂಡೆ.

ಅಜ್ಜಾರು ಹೋಗು ಅಂದಿದ್ದೀರಿ, ಹುಬ್ಬಳ್ಳಿಯ ತಮ್ಮ ಮೊದಲು ತಿಳಿಸು ಅಂದಿದ್ದಾನೆ. ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪಿನಲ್ಲಿ ಇದನ್ನು ಬರೆಯಲು ಮನಸ್ಸಾಗುತ್ತಿಲ್ಲ. ಆ ಹೂವಿನ ಫೋಟೋದ ಕೆಳಗೇ ಹೋಗಿ ಕೂರುತ್ತದೆ. ಇವತ್ತು ಮಧ್ಯಾಹ್ನ ರಜೆ ಹಾಕಿ ಪೋಸ್ಟಾಫೀಸಿಗೆ ಹೋದೆ. ಇನ್ಲ್ಯಾಂಡ್ ಕೊಡಿ ಅಂದೆ. ಕೌಂಟರಿನ ಹುಡುಗ ಎದ್ದು ಹೋಗಿ ಕಪಾಟಿನಿಂದ ಹುಡುಕಿ ತಂದ. ಎರಡೂವರೆ ರೂಪಾಯಿ. ಎರಡು ತಗೊಂಡೆ, ಮೊದಲನೆಯದು ಹಾಳಾದೀತು ಅಂತ. ಹಾಳಾಯಿತು ಕೂಡ.

ಎರಡನೆಯದರಲ್ಲಿ ಗುಂಪಿನ ವಿಷಯ ಎರಡೇ ಸಾಲಿನಲ್ಲಿ ಬರೆದೆ. ನಾನು ನೋಡಿರಲಿಲ್ಲ, ಮಾರ್ಚ್‌ನಲ್ಲಿ ಫೋನ್ ಮಾಡದ್ದು ನನ್ನ ತಪ್ಪು. ಉಳಿದದ್ದೆಲ್ಲ ಆಯಿಯದು. ಹಲ್ಲಿನಲ್ಲಿ ನಾರು ಕಚ್ಚುತ್ತಿದ್ದದ್ದು, ತಲೆ ಬಾಚುವಾಗ ಅಲ್ಲಾಡಿದರೆ ಹಣಿಗೆಯಿಂದ ಭುಜಕ್ಕೆ ತಟ್ಟುತ್ತಿದ್ದದ್ದು, ನಾನು ರೈಲು ಹತ್ತುವಾಗ ನನ್ನ ಕೈಗೆ ಬೇರೇನೂ ಕೊಡದೆ ಹಣಿಗೆ ಒಂದನ್ನು ಕೊಟ್ಟದ್ದು. ಮರದ ಹಣಿಗೆ. ಈಗಲೂ ಇದೆ. ಅದರಲ್ಲಿ ನನ್ನ ಮಗಳ ಜಡೆ ಹಾಕಿದ್ದೇನೆ. ಇದನ್ನು ಗೆಳತಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಜಾಗ ಮುಗಿಯಿತು, ಅಂಚಿನಲ್ಲಿ ಬರೆದು ಅಂಟಿಸಿ ಡಬ್ಬಿಗೆ ಹಾಕಿ ಬಂದೆ.

ಮಾಟುಂಗಾ_1966:

ಒಳ್ಳೆಯದು ಮಾಡಿದೆ ತಂಗಿ. ಕಾಗದ ಮುಟ್ಟಲು ನಾಲ್ಕೈದು ದಿನ ಬೇಕು. ಆ ನಾಲ್ಕೈದು ದಿನ ಫೋನ್ ಮಾಡಿ ಅವಸರಿಸಬೇಡ. ಹುಬ್ಬಳ್ಳಿಯ ಮಗ ಹೇಳಿದ್ದು ಸರಿ, ನಾನು ನನ್ನ ಅನುಭವದ ಮೇಲೆ ಅವಸರದ ಮಾತಾಡಿದೆ. ನನ್ನ ಗೆಳೆಯ ಗಂಡಸು, ಅಂಗಡಿಯಲ್ಲಿ ಕೂತಿದ್ದ. ಸೂತಕದ ಮನೆಯ ರೀತಿ ಬೇರೆ.

ಹುಬ್ಬಳ್ಳಿ_ಹಿಂಜವಡಿ:

ಅಕ್ಕಾರ, ಆ ಗುಂಪಿನ ಮ್ಯೂಟ್ ತಗೀರಿ ಅಂತ ಹೇಳೂದಿಲ್ಲ. ಆಕಿ ಒಬ್ಬಾಕಿ ಫೋನಿಗೆ ಬ್ಯಾರೆ ರಿಂಗ್ ಹಾಕ್ರಿ. ನಾವು ನಾಕೂ ಮಂದಿ ಹಂಗ ಹಾಕೇವಿ. ರಾತ್ರಿ ಎಷ್ಟೊತ್ತಿಗೆ ಬಂದ್ರೂ ಮಲಗಿದ್ದಲ್ಲೇ ತಿಳೀತದ.

ವಾಸ್ಕೊ_ಗದಗ:

ಏನಾಯಿತು ಅಂತ ದಿನಾ ಬಂದು ನೋಡುತ್ತಿದ್ದೇನೆ ಅಕ್ಕ. ಹೊಲಿಗೆ ಬಿಟ್ಟು ಬಿಟ್ಟು ನೋಡುತ್ತೇನೆ.

ಡೊಂಬಿವಲಿ_ಕುಮಟೆ:

ಆರು ದಿನವಾಯಿತು. ಇವತ್ತು ಬೆಳಗ್ಗೆ ಡಬ್ಬಿ ಕಟ್ಟುತ್ತಿದ್ದೆ, ಅವಳ ಫೋನ್ ಬಂತು. ಒಂದು ಕೈಯಲ್ಲಿ ಭಾಕ್ರಿಯ ಹಿಟ್ಟು. ಹಾಗೇ ಎತ್ತಿದೆ.

ಹಲೋ ಅನ್ನಲಿಲ್ಲ. "ಅಂಚು ಹರೀತು. ಒಂದು ಸಾಲು ಹೋಯ್ತು. ಅಲ್ಲಿ ಏನು ಬರೆದಿದ್ದೆ?" ಅಂದಳು.

ನನಗೆ ಏನು ಬರೆದಿದ್ದೆ ಅಂತ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳಲು ಹೋಗಿ ಅಳು ಬಂತು. ಅವಳೂ ಆ ಕಡೆ ಅತ್ತಳು. ಗ್ಯಾಸಿನ ಮೇಲೆ ತವ ಕಾದು ಹೊಗೆ ಬರುತ್ತಿತ್ತು, ಗಂಡ ಬಂದು ಆರಿಸಿ ಹೋದರು. ಸಿಟ್ಟು ಬಂದಿತ್ತು ಅಂತ ಅವಳು ಹೇಳಿದಳು, ತುಂಬ ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ ಅಂದಳು. ಹೋಗುವುದು ಬೇಡ, ಇಟ್ಟುಕೊಂಡಿರು, ನಾನು ಬಂದ ಮೇಲೆ ಬೈಯಿ ಅಂದೆ. ಕೊನೆಗೆ ಕೇಳಿದೆ, ಬಾವಿಯ ನೀರು ಎಲ್ಲಿದೆ ಈಗ? ಈ ವರ್ಷ ಮಳೆ ಚೆನ್ನಾಗಿ ಬಂದಿದೆಯಂತೆ, ಮೇಲಿನಿಂದ ನಾಲ್ಕನೇ ಸುತ್ತಿನಲ್ಲಿದೆಯಂತೆ.

ಬರುವ ಶುಕ್ರವಾರದ ಮತ್ಸ್ಯಗಂಧಾ ರೈಲಿಗೆ ಠಾಣೆಯಿಂದ ಟಿಕೆಟ್ ತೆಗೆದಿದ್ದೇನೆ. ವೇಟಿಂಗ್ 14 ತೋರಿಸುತ್ತಿದೆ. ಹಣಿಗೆಯನ್ನು ಚೀಲದಲ್ಲಿ ಇಟ್ಟಾಯಿತು.

ಮಾಟುಂಗಾ_1966:

14 ಆದರೆ ಸಿಕ್ಕೀತು. ಒಂದು ಮಾತು ನೆನಪಿಡು. ಕುಮಟೆಗೆ ಆ ರೈಲು ಬೆಳಕು ಹರಿಯುವ ಮೊದಲೇ, ಗಾಢ ಕತ್ತಲಲ್ಲಿ ಬರುತ್ತದೆ, ನಿಲ್ಲುವುದೂ ಸ್ವಲ್ಪವೇ ಹೊತ್ತು. ಮಡಗಾಂವ್ ದಾಟಿದ ಮೇಲೆ ಕಣ್ಣು ಮುಚ್ಚಬೇಡ. ನಿದ್ದೆ ಬಂದರೆ ಹೊನ್ನಾವರಕ್ಕೋ ಭಟ್ಕಳಕ್ಕೋ ಹೋಗಿಬಿಡುತ್ತೀ. ಅಲಾರಾಂ ಇಟ್ಟುಕೋ.

ಡೊಂಬಿವಲಿ_ಕುಮಟೆ:

ಅಲಾರಾಂ ಬೇಡವಂತೆ ಅಜ್ಜಾ. ರೈಲು ಕಾರವಾರ ಬಿಟ್ಟ ಹೊತ್ತಿಗೆ ತಾನೇ ಫೋನ್ ಮಾಡಿ ಎಬ್ಬಿಸುತ್ತಾಳಂತೆ. ಅವಳ ನಂಬರಿಗೆ ಬೇರೆ ರಿಂಗ್ ಹಾಕಿದ್ದೇನೆ.